ಕಾರಿನ ಕೂಲಂಟ್ ಸೋರುತ್ತಿದೆಯೇ? ಎಲ್ಲಿ ಅನ್ನುವುದಕ್ಕಿಂತ ಮೊದಲು ಯಾವಾಗ ಅಂತ ನೋಡಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕಾರು ಬಿಸಿಯಾಯಿತು ಅಂದರೆ ಥಟ್ಟನೆ ಸಿಗುವ ಸಲಹೆ ಒಂದಿದೆ: "ನೀರ್ ಹಾಕ್ಕೊಂಡ್ ಓಡಸ್ರಿ, ಏನೂ ಆಗೂದಿಲ್ಲ." ಒಂದು ದಿನದ ಮಟ್ಟಿಗೆ ಇದು ಸರಿ. ತಿಂಗಳುಗಟ್ಟಲೆ ಹೀಗೇ ಓಡಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಕೂಲಂಟ್ ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಅದು ಖರ್ಚಾಗುವ ವಸ್ತು ಅಲ್ಲ. ಎಂಜಿನ್, ಪೈಪು, ರೇಡಿಯೇಟರ್ ಒಳಗೇ ಸುತ್ತುತ್ತಿರುತ್ತದೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಒಟ್ಟು ಇರುವುದೇ ಸುಮಾರು 4-5 ಲೀಟರ್. ವರ್ಷದಲ್ಲಿ ಸ್ವಲ್ಪ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ತಿಂಗಳಿಗೊಮ್ಮೆ ಸುರಿಯಬೇಕಾಗಿ ಬಂದರೆ ಎಲ್ಲೋ ಹೋಗುತ್ತಿದೆ ಎಂದೇ ಅರ್ಥ.

ಬಾನೆಟ್ ಎತ್ತಿ "ಎಲ್ಲಿ ಸೋರುತ್ತಿದೆ" ಅಂತ ಹುಡುಕುವುದು ಎಲ್ಲರ ಅಭ್ಯಾಸ. ಅದಕ್ಕಿಂತ ಮೊದಲು "ಯಾವಾಗ ಸೋರುತ್ತಿದೆ" ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ರಬ್ಬರ್ ಪೈಪಿನ ಸಡಿಲ ಜೋಡಣೆ ತಣ್ಣಗಿದ್ದಾಗ ಸೋರಿ, ಬಿಸಿಯಾದ ಮೇಲೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ಸಣ್ಣ ಬಿರುಕಿನ ಕತೆ ಇದಕ್ಕೆ ಉಲ್ಟಾ. ಒಳಗೆ ಒತ್ತಡ ಏರಿದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಎಂಜಿನ್ ಒಳಗೇ ಕೂಲಂಟ್ ಸುಟ್ಟು ಹೋಗುತ್ತಿದ್ದರೆ ಯಾವ ಹೊತ್ತಿಗೂ ಹನಿ ಕಾಣುವುದಿಲ್ಲ.

ಕೈ ಹಾಕುವ ಮುಂಚೆ

ಬಿಸಿ ಎಂಜಿನ್ನಿನ ಮೇಲೆ ರೇಡಿಯೇಟರ್ ಮುಚ್ಚಳವನ್ನಾಗಲಿ, ಕೂಲಂಟ್ ತುಂಬಿರುವ ಒತ್ತಡದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನಾಗಲಿ ಎಂದೂ ತೆಗೆಯಬೇಡಿ. ಬಟ್ಟೆ ಸುತ್ತಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತೇನೆ ಅನ್ನುವುದೂ ಬೇಡ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಕುದ್ದು, ಉಗಿಯಾಗಿ ಮುಖಕ್ಕೆ ಹಾರುತ್ತದೆ. ಕನಿಷ್ಠ ಒಂದು ಗಂಟೆ ಬಿಡಿ. ಆಮೇಲೆ ರೇಡಿಯೇಟರಿನ ಮೇಲಿನ ದಪ್ಪ ಪೈಪನ್ನು ಮುಟ್ಟಿ ನೋಡಿ. ತಣ್ಣಗಿದ್ದು, ಹಿಚುಕಿದರೆ ಮೆತ್ತಗೆ ಒಳಗೆ ಹೋಗಬೇಕು. ಗಟ್ಟಿಯಾಗಿದ್ದರೆ ಇನ್ನೂ ಕಾಯಿರಿ.

ರೇಡಿಯೇಟರ್ ಫ್ಯಾನಿನ ಹತ್ತಿರ ಬೆರಳು, ಸೆರಗು, ಟವೆಲ್ ಯಾವುದೂ ಹೋಗಬಾರದು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಅದು ತಾನಾಗಿ ತಿರುಗುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಲೇಬೇಡಿ. ಈ ಬರಹದಲ್ಲಿ ಹೇಳಿದ ಯಾವ ಪರೀಕ್ಷೆಗೂ ಕಾರಿನ ಕೆಳಗೆ ಮಲಗಬೇಕಾಗಿಲ್ಲ.

ಇನ್ನೊಂದು ವಿಷಯ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹೆಚ್ಚಿನ ಕೂಲಂಟುಗಳಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ಅದು ವಿಷ, ರುಚಿ ಮಾತ್ರ ಸಿಹಿ. ಓಣಿಯ ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚೆಲ್ಲಿದ್ದನ್ನು ಕೂಡಲೇ ಜಾಸ್ತಿ ನೀರು ಹಾಕಿ ತೊಳೆಯಿರಿ. ತೆಗೆದ ಕೂಲಂಟನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡಬೇಡಿ. ಮಕ್ಕಳು ಒಂದು ಗುಟುಕು ಕುಡಿದರೂ, ಏನೂ ಆಗಿಲ್ಲ ಅಂತ ಕಂಡರೂ, ನೇರ ಆಸ್ಪತ್ರೆಗೆ ಹೋಗಿ.

ಡಬ್ಬಿಯ ಮಟ್ಟ ಇಳಿದಂತೆ ಕಾಣುತ್ತದೆ, ಖಾತ್ರಿ ಇಲ್ಲ

ಇಲ್ಲಿ ದುಡ್ಡು ಬೇಡ, ತಾಳ್ಮೆ ಬೇಕು. ಬೆಳಗ್ಗೆ ಕಾರು ಚಾಲೂ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಒಂದು ವಾರ ಅದೇ ಜಾಗ, ಅದೇ ಹೊತ್ತು. ಸಂಜೆ ಆಫೀಸಿನಿಂದ ಬಂದು ಬಿಸಿ ಕಾರಿನಲ್ಲಿ ನೋಡಿದ ಮಟ್ಟಕ್ಕೂ ಬೆಳಗಿನ ಮಟ್ಟಕ್ಕೂ ಹೋಲಿಕೆ ಮಾಡಬೇಡಿ. ಬಿಸಿಯಾದಾಗ ಕೂಲಂಟ್ ಹಿಗ್ಗಿ ಮೇಲೆ ಬಂದಿರುತ್ತದೆ. ಧಾರವಾಡದ ಬಹಳಷ್ಟು ಮನೆಗಳ ಮುಂದೆ ರಸ್ತೆಯೇ ಇಳಿಜಾರು, ಅಲ್ವಾ? ಅಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ ದಿನ ಒಂದು ಮಟ್ಟ, ಕೆಳಗೆ ಮಾಡಿದ ದಿನ ಇನ್ನೊಂದು ಮಟ್ಟ ಕಾಣುತ್ತದೆ.

ವಾರದ ಕೊನೆಗೂ ಗೆರೆಯಲ್ಲೇ ಇದ್ದರೆ ಸಾಮಾನ್ಯವಾಗಿ ಸೋರಿಕೆ ಇಲ್ಲ, ಡಬ್ಬಿ ಮೋಸ ಮಾಡುವ ಒಂದು ಸಂದರ್ಭ ಮಾತ್ರ ಮುಂದೆ ಹೇಳಿದ್ದೇನೆ. ಹೊಸದಾಗಿ ಕೂಲಂಟ್ ಬದಲಿಸಿದ ಕಾರಿನಲ್ಲಿ ಮೊದಲ ಕೆಲವು ದಿನ ಮಟ್ಟ ಸ್ವಲ್ಪ ಇಳಿದು ನಿಂತುಬಿಡುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಿದೆ ಅಷ್ಟೇ.

ಕಾರಿನ ಕೆಳಗೆ ಒದ್ದೆ

ಬೇಸಿಗೆಯಲ್ಲಿ ಅರ್ಧಕ್ಕರ್ಧ ಗಾಬರಿ ಏಸಿ ನೀರಿನದು. ಏಸಿ ಹಾಕಿಕೊಂಡು ಬಂದು ನಿಲ್ಲಿಸಿದರೆ ಮುಂದಿನ ಸೀಟಿನ ಮುಂಭಾಗದ ಕೆಳಗೆ ತಿಳಿ ನೀರು ತೊಟ್ಟಿಕ್ಕುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಬೆರಳಿಗೆ ಅಂಟುವುದಿಲ್ಲ. ಅದು ಹಾಗೇ ಇರಬೇಕು.

ಕೂಲಂಟ್ ಬೆರಳುಗಳ ನಡುವೆ ತಿಕ್ಕಿದರೆ ನುಣುಪಾಗಿ, ಸ್ವಲ್ಪ ಅಂಟಂಟಾಗಿ ಇರುತ್ತದೆ. ವಾಸನೆ ಸಿಹಿ. ಬಣ್ಣ ಹಸಿರು, ಗುಲಾಬಿ, ಕಿತ್ತಳೆ, ನೀಲಿ ಯಾವುದೂ ಆಗಬಹುದು. ಬಹಳ ಸಲ ಬರೀ ನೀರು ಸುರಿದ ಕಾರಾದರೆ ಬಣ್ಣ ಸತ್ತು ತುಕ್ಕಿನ ಕಂದು ಬಂದಿರುತ್ತದೆ. ಮೂಗು, ಬೆರಳು ಸಾಕು. ನಾಲಿಗೆಗೆ ಹಚ್ಚಿ ನೋಡುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ.

ಎರೆ ಮಣ್ಣಿನ ಮೇಲೆ ನಿಲ್ಲುವ ಕಾರಿನ ಹನಿ ಕಾಣುವುದೇ ಇಲ್ಲ, ಮಣ್ಣು ಕುಡಿದುಬಿಡುತ್ತದೆ. ಫರಸಿ ಕಲ್ಲಿನ ಮೇಲೂ ಹಳೆಯ ಆಯಿಲ್ ಕಲೆಗಳ ನಡುವೆ ಗುರುತು ಸಿಗುವುದಿಲ್ಲ. ಫ್ರಿಜ್ಜೋ ಟಿವಿಯೋ ಬಂದ ದೊಡ್ಡ ರಟ್ಟಿನ ಡಬ್ಬಿಯನ್ನು ಬಿಚ್ಚಿ, ಹಾಸಿ, ಅದರ ಮೇಲೆ ಎಂಜಿನ್ ಬರುವ ಹಾಗೆ ಕಾರು ನಿಲ್ಲಿಸಿ. ಬಂಪರ್ ಯಾವ ಕಡೆ, ಎಡ ಚಕ್ರ ಯಾವ ಕಡೆ ಅಂತ ರಟ್ಟಿನ ಮೇಲೆ ಬರೆದಿಡಿ. ಕಾರು ನಿಲ್ಲಿಸಿದ ಕಾಲು ಗಂಟೆಗೆ ಒಮ್ಮೆ ನೋಡಿ, ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡಿ. ಹನಿ ಯಾವ ಹೊತ್ತಿಗೆ ಬಿದ್ದಿತು ಅನ್ನುವುದು ಹೀಗೆ ಗೊತ್ತಾಗುತ್ತದೆ. ಬಿದ್ದ ಜಾಗವನ್ನು ಮಾತ್ರ ಪೂರ್ತಿ ನಂಬಬೇಡಿ. ಕೆಳಗಿನ ಕವರಿನ ಮೇಲೆ ಹರಿದು ಎಲ್ಲೋ ದೂರದಲ್ಲಿ ಬಿದ್ದಿರಬಹುದು.

ಬೆಳಗ್ಗೆ ಹನಿ, ಓಡಿಸಿದ ಮೇಲೆ ಇಲ್ಲ

ಡಿಸೆಂಬರ್, ಜನವರಿಯ ಚಳಿಯಲ್ಲಿ ಶುರುವಾಗಿ ಬೇಸಿಗೆಯಲ್ಲಿ ತಾನೇ ನಿಂತುಹೋಗುವ ಸೋರಿಕೆ ಇದು. ಹತ್ತರಲ್ಲಿ ಒಂಬತ್ತು ಸಲ ಪೈಪಿನ ತುದಿಯ ಕ್ಲಿಪ್ ಸಡಿಲ ಅಂತ ಧೈರ್ಯವಾಗಿ ಹೇಳುತ್ತೇನೆ. ತಣ್ಣಗಿರುವಾಗಲೇ ನೋಡಬೇಕು. ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ದಪ್ಪ ಪೈಪು, ಹೀಟರಿಗೆ ಹೋಗುವ ಎರಡು ಸಣ್ಣ ಪೈಪು, ಡಬ್ಬಿಗೆ ಹೋಗುವ ತೆಳ್ಳನೆಯದು. ಪ್ರತಿ ಜೋಡಣೆಯ ಸುತ್ತ ಬಿಳಿ ಟಿಶ್ಯೂ ಕಾಗದ ಒತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ಒದ್ದೆ ಕಾಗದಕ್ಕೆ ಬರುತ್ತದೆ. ಒಣಗಿದ ಸೋರಿಕೆಯೂ ಗುರುತು ಬಿಟ್ಟಿರುತ್ತದೆ. ಬಿಳಿ ಅಥವಾ ಕೂಲಂಟಿನ ಬಣ್ಣದ ಹುಡಿ ಗಟ್ಟಿಯಾಗಿ ಕೂತಿದ್ದರೆ ಅಲ್ಲೇ ಬಹಳ ದಿನದಿಂದ ಸೋರಿದೆ.

ಸ್ಕ್ರೂ ಇರುವ ಕ್ಲಿಪ್ ಆದರೆ ಅರ್ಧ ಸುತ್ತು ಬಿಗಿ ಮಾಡಿ, ಮರುದಿನ ನೋಡಿ. ಸಿಟ್ಟಿನಿಂದ ಬಿಗಿ ಮಾಡಬೇಡಿ. ಈಗಿನ ರೇಡಿಯೇಟರುಗಳ ಮೂತಿ ಪ್ಲಾಸ್ಟಿಕ್ಕಿನದು, ಚಟ್ ಅಂತ ಸೀಳುತ್ತದೆ. ಆಮೇಲೆ ರೇಡಿಯೇಟರೇ ಬದಲಿಸಬೇಕು. ಪಕ್ಕಡ್‌ನಿಂದ ಹಿಚುಕಿ ತೆಗೆಯುವ ಸ್ಪ್ರಿಂಗ್ ಕ್ಲಿಪ್ ಆದರೆ ಬಿಗಿ ಮಾಡುವ ಮಾತಿಲ್ಲ. ಬಿಗುವು ಹೋಗಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿ.

ಪೈಪಿನ ತುದಿ ಗಟ್ಟಿಯಾಗಿ ಸಣ್ಣ ಸೀಳು ಬಿಟ್ಟಿದ್ದರೆ, ಉದ್ದ ಸಾಕಷ್ಟಿದ್ದರೆ, ಹರಿತ ಬ್ಲೇಡಿನಿಂದ ಎರಡು ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಬಹುದು. ಪೈಪಿನ ನಡುವೆ ಹಿಚುಕಿ ನೋಡಿ. ಕರಕರ ಅಂದರೆ, ಒಂದು ಕಡೆ ಉಬ್ಬಿದ್ದರೆ, ಆಯಿಲ್ ತಾಗಿ ಮೆತ್ತಗೆ ಕೊಳೆತ ಹಾಗಿದ್ದರೆ ಪೈಪೇ ಬದಲಿಸಿ. ಹಳೆ ಪೈಪು ತೆಗೆಯುವಾಗ ಜಗ್ಗಾಡಿ ಎಳೆಯಬೇಡಿ. ತಿರುಚಿ ಸಡಿಲ ಮಾಡಿ. ಬರದಿದ್ದರೆ ಉದ್ದಕ್ಕೆ ಸೀಳಿ ತೆಗೆಯಿರಿ. ಹೇಗೂ ಎಸೆಯುವ ಪೈಪು ತಾನೆ.

ಡಬ್ಬಿ ತುಂಬಿದೆ, ರೇಡಿಯೇಟರ್ ಖಾಲಿ

ಇದು ಬಹಳ ಜನರನ್ನು ಮೋಸ ಮಾಡುವ ಲಕ್ಷಣ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕಾರುಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಒತ್ತಡದ ಮುಚ್ಚಳ ರೇಡಿಯೇಟರಿನ ಮೇಲೇ ಇರುತ್ತದೆ, ಪಕ್ಕದಲ್ಲಿ ಸಾದಾ ಪ್ಲಾಸ್ಟಿಕ್ ಡಬ್ಬಿ. ನಮ್ಮಲ್ಲಿ ಓಡಾಡುವ ಎಷ್ಟೋ ಸಣ್ಣ ಕಾರುಗಳು ಹೀಗಿವೆ. ಇನ್ನೊಂದರಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ. ಡಬ್ಬಿಯೇ ಗಟ್ಟಿಯಾಗಿದ್ದು ಒತ್ತಡ ತಡೆಯುತ್ತದೆ, ಮುಚ್ಚಳ ಅದರ ಮೇಲಿರುತ್ತದೆ.

ಮೊದಲ ಬಗೆಯಲ್ಲಿ, ಬಿಸಿಯಾದಾಗ ಹಿಗ್ಗಿದ ಕೂಲಂಟ್ ಮುಚ್ಚಳದ ಸ್ಪ್ರಿಂಗನ್ನು ಎತ್ತಿ ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಹಿಡಿದುಕೊಂಡರೆ, ಅಥವಾ ನಡುವಿನ ತೆಳ್ಳನೆಯ ಪೈಪು ಬಿರುಕು ಬಿಟ್ಟು ಗಾಳಿ ಎಳೆದರೆ, ಹೋದದ್ದು ವಾಪಸ್ ಬರುವುದಿಲ್ಲ. ನೀವು ಡಬ್ಬಿ ನೋಡಿ "ಫುಲ್ ಇದೆ" ಅಂತ ನೆಮ್ಮದಿಯಾಗಿರುತ್ತೀರಿ. ರೇಡಿಯೇಟರ್ ಒಳಗೊಳಗೇ ಖಾಲಿಯಾಗುತ್ತಿರುತ್ತದೆ. ಹಾಗಾಗಿ ಈ ಬಗೆಯ ಕಾರಿನಲ್ಲಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಲೇಬೇಕು. ಕೂಲಂಟ್ ಕತ್ತಿನವರೆಗೆ ನಿಂತಿರಬೇಕು.

ಮುಚ್ಚಳದ ಕೆಲಸ ಕುಕ್ಕರಿನ ಸೀಟಿಯ ಹಾಗೆ. ಅದರ ಮೇಲೆ 0.9 ಅಥವಾ 1.1 ಅಂತ ಅಂಕಿ ಬರೆದಿರುತ್ತದೆ. ಅಷ್ಟು ಬಾರ್ ಒತ್ತಡ ಹಿಡಿದಿಡುತ್ತದೆ ಅಂತ ಅರ್ಥ. ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿವೆ. ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೇ 90 ಡಿಗ್ರಿಯ ಆಸುಪಾಸಿನಲ್ಲಿ. ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೂ ಏರುತ್ತದೆ. ಸರಿಯಾದ ಮುಚ್ಚಳ ಇದ್ದರೆ ಬರೀ ನೀರಿಗೂ 115 ಡಿಗ್ರಿಯವರೆಗೆ ಕುದಿಯುವ ಭಯ ಇಲ್ಲ, ಕೂಲಂಟ್ ಬೆರೆತಿದ್ದರೆ ಇನ್ನೂ ಮೇಲೆ. ಮುಚ್ಚಳದ ರಬ್ಬರ್ ಸತ್ತರೆ ಆ ರಕ್ಷಣೆ ಅಷ್ಟೂ ಹೋಗುತ್ತದೆ. ಎಲ್ಲೂ ತೂತಿಲ್ಲದ ಎಂಜಿನ್ ಕುದ್ದು, ಡಬ್ಬಿ ಉಕ್ಕಿಸಿ, ಕೂಲಂಟ್ ಕಳೆದುಕೊಳ್ಳುತ್ತದೆ.

ಮುಚ್ಚಳದ ರಬ್ಬರ್ ಗಟ್ಟಿಯಾಗಿದೆಯೇ, ಸೀಳಿದೆಯೇ, ಅಂಚಿನಲ್ಲಿ ಹುಡಿ ಕೂತಿದೆಯೇ ನೋಡಿ. ಸಂಶಯ ಬಂದರೆ ಸುಮ್ನೆ ಬದಲಿಸಿ. ಇಡೀ ಕೂಲಿಂಗ್ ವ್ಯವಸ್ಥೆಯ ತೀರಾ ಅಗ್ಗದ ಭಾಗಗಳಲ್ಲಿ ಇದೂ ಒಂದು. ಹಳೆಯದರ ಮೇಲಿದ್ದ ಅಂಕಿಯೇ ಹೊಸದರ ಮೇಲೂ ಇರಲಿ. ಜಾಸ್ತಿ ಒತ್ತಡದ್ದು ಹಾಕಿದರೆ ಗಟ್ಟಿ ಅಂದುಕೊಂಡು 0.9 ಇದ್ದಲ್ಲಿ 1.1 ಹಾಕಿದರೆ ಹಳೆ ಪೈಪು, ಹಳೆ ರೇಡಿಯೇಟರ್ ಅದನ್ನು ತಡೆಯದೆ ಒಡೆಯಬಹುದು.

ಓಡಿಸಿ ಬಂದು ನಿಲ್ಲಿಸಿದ ಮೇಲೆ ಹನಿ

ಎಂಜಿನ್ ಬಂದ್ ಮಾಡಿದ ಕೂಡಲೇ ಕೂಲಂಟಿನ ಓಟ ನಿಲ್ಲುತ್ತದೆ, ಕಬ್ಬಿಣದ ಬಿಸಿ ಮಾತ್ರ ಉಳಿದಿರುತ್ತದೆ. ಹಾಗಾಗಿ ಮುಂದಿನ ಹತ್ತು ನಿಮಿಷ ಒಳಗಿನ ಬಿಸಿ, ಒತ್ತಡ ಎರಡೂ ಸ್ವಲ್ಪ ಏರುತ್ತವೆ. ಕೂದಲೆಳೆಯ ಬಿರುಕು ಮಾತಾಡುವುದು ಈಗಲೇ. ಬಾನೆಟ್ ಎತ್ತಿ, ಏನನ್ನೂ ಮುಟ್ಟದೆ, ಟಾರ್ಚ್ ಹಾಕಿ ನೋಡಿ. ಸಣ್ಣಗೆ ಸುಯ್ ಅನ್ನುವ ಸದ್ದು, ಉಗಿಯ ಎಳೆ, ಸಿಹಿ ವಾಸನೆ ಮೂರೂ ದಾರಿ ತೋರಿಸುತ್ತವೆ.

ಮೊದಲು ರೇಡಿಯೇಟರ್. ಈಗಿನವುಗಳ ನಡುಭಾಗ ಅಲ್ಯೂಮಿನಿಯಂ, ಎರಡು ಕೊನೆಯ ತೊಟ್ಟಿಗಳು ಪ್ಲಾಸ್ಟಿಕ್. ಎರಡೂ ಸೇರುವ ಅಂಚಿನಲ್ಲೇ ಜಾಸ್ತಿ ಸೋರುವುದು. ಹಳೆ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆ ಹಾಕಿಸಬಹುದಿತ್ತು. ಪ್ಲಾಸ್ಟಿಕ್ ತೊಟ್ಟಿಗೆ ಅದು ಆಗುವುದಿಲ್ಲ. ಎರಡು ಉಂಡೆ ಕಲಸಿ ಹಚ್ಚುವ ಅಂಟು ಊರು ಮುಟ್ಟುವವರೆಗೆ ತಡೆದರೆ ದೊಡ್ಡದು, ಅದನ್ನೇ ರಿಪೇರಿ ಅಂದುಕೊಳ್ಳಬೇಡಿ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಹಳೆ ಡ್ರೈವರುಗಳ ಉಪಾಯ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳದ್ದೂ ಅದೇ ತತ್ವ. ತೂತು ಮುಚ್ಚುವ ವಸ್ತುವಿಗೆ ತೂತು ಯಾವುದು, ಹೀಟರಿನ ಸಣ್ಣ ನಳಿಗೆ ಯಾವುದು ಗೊತ್ತಾಗುವುದಿಲ್ಲ. ನಡುದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಹಾಕಿ, ಮನೆಯಲ್ಲಿ ನಿಂತ ಕಾರಿಗೆ ಬೇಡ.

ಇನ್ನು ಕೂಲಂಟನ್ನು ಸುತ್ತಿಸುವ ವಾಟರ್ ಪಂಪ್. ಬೆಲ್ಟ್ ಇರುವ ಕಡೆಯಿಂದ ಹನಿ ಬೀಳುತ್ತಿದ್ದರೆ, ಬೆಲ್ಟಿನ ಸುತ್ತ ಕೂಲಂಟಿನ ಸಿಡಿ ಕಲೆ ಇದ್ದರೆ, ಗರಗರ ಸದ್ದು ಇದ್ದರೆ ಅನುಮಾನ ಪಂಪಿನ ಮೇಲೆ. ಪಂಪಿನ ಮೈಮೇಲೆ ಬೇಕೆಂದೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಒಳಗಿನ ಸೀಲ್ ಕೆಟ್ಟರೆ ಕೂಲಂಟ್ ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಬರಲಿ ಅಂತ. ಆ ತೂತನ್ನು ಎಂಸೀಲ್ ಹಾಕಿ ಮುಚ್ಚಿದರೆ ಬೇರಿಂಗ್ ಹೋಗುತ್ತದೆ, ಅದರ ಹಿಂದೆ ಬೆಲ್ಟೂ ಹೋಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಪಂಪು ತಿರುಗುವುದು ಟೈಮಿಂಗ್ ಬೆಲ್ಟಿನಿಂದ. ಅಂಥ ಕಡೆ ಮನೆಯಲ್ಲಿ ಪಾನಾ ಹಿಡಿಯಬೇಡಿ. ಮಿಸ್ತ್ರಿಯಿಂದ ಮಾಡಿಸುವಾಗ ಪಂಪು, ಬೆಲ್ಟು ಎರಡನ್ನೂ ಒಟ್ಟಿಗೆ ಬದಲಿಸಿ, ಕೂಲಿ ಒಂದೇ ಸಲ ಬೀಳುತ್ತದೆ.

ಕಾರಿನೊಳಗೆ ಸಿಹಿ ವಾಸನೆ, ಗಾಜಿಗೆ ಮಂಜು

ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗಾಗಿ ಒಂದು ಪುಟಾಣಿ ರೇಡಿಯೇಟರ್ ಇದೆ. ಅದು ಸೋರಿದರೆ ಮುಂದಿನ ಗಾಜಿನ ಒಳಮೈಗೆ ಒರೆಸಿದಷ್ಟೂ ಅಂಟುವ ಮಂಜು ಕೂರುತ್ತದೆ, ಕಾಲಿನ ಹತ್ತಿರ ಕಾರ್ಪೆಟ್ ಒದ್ದೆಯಾಗುತ್ತದೆ. ಏಸಿ ನೀರಿನ ಪೈಪು ಕಟ್ಟಿಕೊಂಡರೂ ಕಾರ್ಪೆಟ್ ಒದ್ದೆಯಾಗುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಟಿಶ್ಯೂ ಒತ್ತಿ ಮೂಸಿ ನೋಡಿ. ಕೂಲಂಟ್ ಹೌದಾದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ, ಗ್ಯಾರೇಜಿಗೇ ಬಿಡಿ. ಅಲ್ಲಿಯವರೆಗೆ ಗಾಜು ಸ್ವಲ್ಪ ಇಳಿಸಿಕೊಂಡು ಓಡಿಸಿ.

ಬಿಸಿಯಾಗುತ್ತದೆ, ಆದರೆ ಮಟ್ಟ ಇಳಿಯುವುದಿಲ್ಲ

ಡಬ್ಬಿ, ರೇಡಿಯೇಟರ್ ಎರಡೂ ತುಂಬಿದ್ದರೆ ಇದು ಸೋರಿಕೆ ಅಲ್ಲ. ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಬೈಪಾಸಿನಲ್ಲಿ ಓಡುವಾಗ ಸರಿ ಹೋದರೆ ಫ್ಯಾನು ನೋಡಿ, ಮೊದಲು ಅದರ ಫ್ಯೂಜ್ ನೋಡಿ. ಓಡುವಾಗಲೇ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬೇಕು, ಇಲ್ಲವೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಹಿಡಿದಿರಬೇಕು. ಸುಗ್ಗಿಯಲ್ಲಿ ಗದಗ ಕಡೆ ಹೋಗಿ ಬಂದವರು ಒಂದು ಸಲ ಮುಂದಿನ ಜಾಳಿಗೆ ನೋಡಿಕೊಳ್ಳಿ. ರಸ್ತೆ ಮೇಲೆ ಒಕ್ಕಲು ಮಾಡಿದ ಹೊಟ್ಟು, ಹುಳ, ಧೂಳು ಸೇರಿ ರೇಡಿಯೇಟರಿನ ಮುಂದೆ ಚಾಪೆಯಾಗಿ ಕೂತಿರುತ್ತದೆ. ಸಾದಾ ಪೈಪಿನ ನೀರಿನಿಂದ ನಿಧಾನಕ್ಕೆ ತೊಳೆಯಿರಿ. ಪ್ರೆಶರ್ ಗನ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಥರ್ಮೋಸ್ಟಾಟ್ ತೆಗೆದು ಬಿಸಾಕಿ "ಈಗ ಬಿಸಿ ಆಗೂದಿಲ್ಲ ನೋಡ್ರಿ" ಅನ್ನುವ ಮಿಸ್ತ್ರಿಗಳಿದ್ದಾರೆ. ಬೇಡ ಅನ್ನಿ. ಎಂಜಿನ್ ಸದಾ ತಣ್ಣಗೆ ಓಡಿ ಮೈಲೇಜ್ ಬೀಳುತ್ತದೆ, ಸವೆತ ಜಾಸ್ತಿಯಾಗುತ್ತದೆ.

ಎಲ್ಲೂ ಹನಿ ಇಲ್ಲ, ಆದರೂ ಮಟ್ಟ ಇಳಿಯುತ್ತಲೇ ಇದೆ

ರಟ್ಟು ಒಣಗಿದೆ, ಕಾರ್ಪೆಟ್ ಒಣಗಿದೆ, ಮುಚ್ಚಳ ಹೊಸದು. ಈಗ ಎಂಜಿನ್ ಒಳಗಿನ ಸೋರಿಕೆಯ ಬಗ್ಗೆ ಯೋಚಿಸಬೇಕು. ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್. ಡೀಸೆಲ್ ಕಾರಾದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಂಪು ಮಾಡುವ ಭಾಗ) ಕೂಡ ಹೀಗೇ ಗುಟ್ಟಾಗಿ ಕೂಲಂಟನ್ನು ಸೈಲೆನ್ಸರಿಗೆ ಕಳಿಸುತ್ತದೆ.

ಮನೆಯಲ್ಲಿ ನೋಡಬಹುದಾದದ್ದು ಇಷ್ಟು. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ ತೆಗೆದು ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಕಾರನ್ನು ಚಾಲೂ ಮಾಡಲೇಬೇಡಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಇದ್ದು ಡಿಪ್‌ಸ್ಟಿಕ್ ಚೊಕ್ಕ ಇದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಬರೀ ಮಾರ್ಕೆಟ್ಟಿಗೆ ಹೋಗಿ ಬರುವ ಕಾರಿನಲ್ಲಿ ತೇವ ಹಾಗೆ ಕಟ್ಟುತ್ತದೆ.

ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಪೈಪು ಕಲ್ಲಿನ ಹಾಗೆ ಗಟ್ಟಿಯಾದರೆ ಕೆಟ್ಟ ಸೂಚನೆ. ಇನ್ನೂ ಬಿಸಿಯೇ ಆಗಿಲ್ಲ, ಒತ್ತಡ ಎಲ್ಲಿಂದ ಬಂತು? ಸಿಲಿಂಡರಿನಿಂದ. ಡಬ್ಬಿಯಲ್ಲಿ ಬಿಡದೆ ಗುಳ್ಳೆ ಏಳುವುದೂ ಇದೇ ಕಾರಣಕ್ಕೆ. ಸೈಲೆನ್ಸರಿನ ಬಿಳಿ ಹೊಗೆಯನ್ನು ನೋಡಿ ತೀರ್ಮಾನ ಮಾಡುವಾಗ ಹೊತ್ತು ನೋಡಿಕೊಳ್ಳಿ. ಚಳಿಯ ಬೆಳಗ್ಗೆ ಎಲ್ಲ ಕಾರುಗಳೂ ಬಿಳಿ ಉಗಿ ಬಿಡುತ್ತವೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಅದು ಕೂಲಂಟ್.

ಇವುಗಳಲ್ಲಿ ಒಂದು ಕಂಡರೂ ಮನೆಯ ಕೆಲಸ ಇಲ್ಲಿಗೆ ಮುಗಿಯಿತು. ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗಿ. ಗ್ಯಾರೇಜಿನಲ್ಲಿ ಹೆಡ್ ಬಿಚ್ಚುವ ಮುಂಚೆ, ಕೂಲಂಟಿನಲ್ಲಿ ಹೊಗೆಯ ಗ್ಯಾಸ್ ಇದೆಯೇ ಅಂತ ನೋಡುವ ಬಣ್ಣದ ದ್ರವದ ಪರೀಕ್ಷೆ ಮಾಡಿಸಿ. ನೀಲಿ ದ್ರವ ಹಳದಿಯಾದರೆ ಗ್ಯಾಸ್ಕೆಟ್ ಹೋಗಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ.

ದಾರಿಯಲ್ಲಿ ಕೆಂಪು ದೀಪ ಹತ್ತಿತು

ಅಂಕೋಲಾ ಕಡೆಯಿಂದ ಬರುವಾಗ ಅರಬೈಲ್ ಘಟ್ಟ ಹತ್ತುವಲ್ಲಿ, ಕಾರಿನ ತುಂಬ ಜನ, ಏಸಿ ಬೇರೆ. ದುರ್ಬಲ ರೇಡಿಯೇಟರ್ ಕೈಕೊಡುವುದು ಇಂಥ ಕಡೆಯೇ. ಸೂಜಿ ಏರತೊಡಗಿದಾಗಲೇ ಏಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಜು ಇಳಿಸಿ. ಸೆಖೆ ತಡೆದುಕೊಳ್ಳಿ, ಹೀಟರ್ ಎಂಜಿನ್ನಿನ ಬಿಸಿಯನ್ನು ಎಳೆದು ಹಾಕುತ್ತದೆ. ಕೆಂಪು ದೀಪ ಹತ್ತಿದರೆ ಮಾತ್ರ "ಇನ್ನೊಂದ್ ಎರಡ್ ಕಿಲೋಮೀಟರ್" ಅನ್ನಬೇಡಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಬದಿಗೆ ಹಾಕಿ ಬಂದ್ ಮಾಡಿ.

ಅನೇಕ ಸಣ್ಣ ಕಾರುಗಳಲ್ಲಿ ಸೂಜಿಯೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿ ಮೀರಿದರೆ ಕೆಂಪು, ನಡುವೆ ಏನೂ ಇಲ್ಲ. ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ಕೂತು ಸರಿಯಾಗಿ ಹೇಳದೆಯೂ ಇರಬಹುದು. ಹೀಟರ್ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಊದತೊಡಗಿದರೆ ದೀಪಕ್ಕಾಗಿ ಕಾಯಬೇಡಿ. ಒಳಗೆ ಸುತ್ತಲು ಕೂಲಂಟ್ ಉಳಿದಿಲ್ಲ ಅಂತ ಅರ್ಥ.

ಬಾನೆಟ್ ಕೆಳಗಿಂದ ಉಗಿ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆದು ನಿಧಾನಕ್ಕೆ ತುಂಬಿ. ಇಂಥ ಹೊತ್ತಿನಲ್ಲಿ ಯಾವ ನೀರಾದರೂ ನಡೆಯುತ್ತದೆ. ಮನೆ ಮುಟ್ಟಿದ ಮೇಲೆ ಅದನ್ನು ತೆಗೆಸಿ ಸರಿಯಾದದ್ದು ಹಾಕಿಸಿ.

ಮತ್ತೆ ತುಂಬುವಾಗ

ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ನಲ್ಲಿಯಲ್ಲಿ ಬರುವ ಮಲಪ್ರಭಾ ನೀರು ಅದಕ್ಕಿಂತ ವಾಸಿ ಅನ್ನಬಹುದು, ಆದರೂ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರೇ ಸರಿ. ಕೂಲಂಟ್ ಡಬ್ಬಿಯ ಮೇಲೆ ಓದಿ ನೋಡಿ. ನೀರು ಬೆರೆಸಿಯೇ ಮಾರುವುದಾದರೆ ನೇರ ಸುರಿಯಿರಿ. ಗಟ್ಟಿ ಕೂಲಂಟ್ ಆದರೆ ಸಾಮಾನ್ಯವಾಗಿ ಅರ್ಧ ಅದು, ಅರ್ಧ ನೀರು. ಜಾಸ್ತಿ ಕೂಲಂಟ್ ಹಾಕಿದರೆ ಜಾಸ್ತಿ ತಂಪು ಅನ್ನುವುದು ಸುಳ್ಳು. ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಮುಂದು. ಕುದಿಯದಂತೆ, ತುಕ್ಕು ಹಿಡಿಯದಂತೆ ತಡೆಯುವುದು ಕೂಲಂಟಿನ ಕೆಲಸ. ಬಣ್ಣ ನೋಡಿ ಜೋಡಿ ಮಾಡಬೇಡಿ, ಎರಡು ಕಂಪನಿಗಳ ಗುಲಾಬಿ ಎರಡು ಬೇರೆ ಮಾಲು ಆಗಿರಬಹುದು. ಹೊಂದದ ಎರಡು ಬೆರೆತರೆ ಒಳಗೆ ಲೋಳೆ ಕಟ್ಟುತ್ತದೆ. ಯಾವುದು ಬೇಕು ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ.

ತುಂಬಿದ ಮೇಲೆ ಗಾಳಿ ತೆಗೆಯಬೇಕು. ಇದನ್ನು ಬಿಟ್ಟರೆ ಹೊಸ ಪೈಪು ಹಾಕಿದ ಕಾರೂ ಬಿಸಿಯಾಗುತ್ತದೆ. ರೇಡಿಯೇಟರ್ ಮೇಲೆ ಮುಚ್ಚಳ ಇರುವ ಕಾರನ್ನು ಮೂತಿ ಸ್ವಲ್ಪ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರ್ ಬಿಸಿಗೆ ಇಟ್ಟು, ಎಂಜಿನ್ ಚಾಲೂ ಮಾಡಿ. ಗುಳ್ಳೆ ಬಂದು ಮಟ್ಟ ಇಳಿದ ಹಾಗೆ ತುಂಬುತ್ತಾ ಹೋಗಿ. 82ರಿಂದ 88 ಡಿಗ್ರಿಯ ನಡುವೆ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತದೆ. ಆಗ ಮೇಲಿನ ಪೈಪು ಇದ್ದಕ್ಕಿದ್ದಂತೆ ಬಿಸಿಯಾಗಿ ಮಟ್ಟ ಒಂದು ಸಲ ಜಗ್ಗನೆ ಇಳಿಯುತ್ತದೆ. ತುಂಬಿ, ಮುಚ್ಚಳ ಹಾಕಿ. ಕೂಲಂಟ್ ಉಕ್ಕತೊಡಗಿದರೆ ಮುಖ ಹಿಂದೆ ತೆಗೆದುಕೊಂಡು ಎಂಜಿನ್ ಬಂದ್ ಮಾಡಿ, ಆರಲು ಬಿಡಿ. ಒತ್ತಡದ ಡಬ್ಬಿ ಇರುವ ಕಾರುಗಳಲ್ಲಿ ಗಾಳಿ ತೆಗೆಯುವ ಕ್ರಮ ಬೇರೆ, ಪುಸ್ತಕ ನೋಡಿಯೇ ಮಾಡಿ.

ಗ್ಯಾರೇಜಿಗೆ ಹೋದರೆ ಏನು ಹೇಳಬೇಕು

"ಕೂಲಂಟ್ ಸೋರ್ತದ, ನೋಡ್ರಿ" ಅಂದರೆ ಮಿಸ್ತ್ರಿಗೆ ಏನೂ ತಿಳಿಯುವುದಿಲ್ಲ. ಪೈಪಿನಿಂದ ಶುರು ಮಾಡಿ ಒಂದೊಂದೇ ಬದಲಿಸುತ್ತಾ ಹೋಗುತ್ತಾರೆ, ಬಿಲ್ ನಿಮ್ಮದು. "ಅಣ್ಣಾರ, ಮುಂಜಾನೆ ಥಂಡಿ ಇದ್ದಾಗ ಎಡಕ್ಕ ಹನಿ ಬೀಳ್ತದ, ಬಿಸಿ ಆದಮ್ಯಾಲ ನಿಲ್ತದ. ವಾರಕ್ಕ ಇಷ್ಟ್ ಇಳೀತದ" ಅಂತ ಹೇಳಿ ಫೋಟೋ ತೋರಿಸಿ. ಆಮೇಲೆ ಪ್ರೆಶರ್ ಟೆಸ್ಟ್ ಮಾಡಿ ಅಂತ ಕೇಳಿ. ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳದ ಅಂಕಿಯಷ್ಟು ಒತ್ತಡ ಕೊಡುತ್ತಾರೆ. ಮುಳ್ಳು ಕದಲದೆ ನಿಂತರೆ ಹೊರಗಿನ ಸೋರಿಕೆ ಇಲ್ಲ ಅನ್ನಬಹುದು. ಇಳಿದರೆ, ಸೋರುವ ಜಾಗ ನಿಮ್ಮ ಕಣ್ಣೆದುರೇ ಒದ್ದೆಯಾಗುತ್ತದೆ. ಎಲ್ಲೂ ಒದ್ದೆಯಾಗದೆ ಮುಳ್ಳು ಮಾತ್ರ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಹೀಟರ್ ಕಡೆ ನೋಡಲು ಹೇಳಿ. ಈ ಪರೀಕ್ಷೆ ಮಾಡದೆ "ರೇಡಿಯೇಟರ್ ಹೋಗ್ಯಾದ" ಅಂದರೆ ಒಪ್ಪಿಕೊಳ್ಳಬೇಡಿ. ಪಂಪು ಇಲ್ಲ ಅಂದರೆ, ಇರುವ ಇನ್ನೊಂದು ಗ್ಯಾರೇಜ್ ಹುಡುಕಿ.